ಕೃಷಿಕನ ಕೋವಿ: ತೋಟೆ ತುಂಬಿಸುವ ಹಂಬಲ ಬಿಡಿ, ಉಳಿದದ್ದನ್ನು ನೋಡಿಕೊಳ್ಳಿ

ರಾಮಕುಂಜ, ಕೊಯಿಲ, ಆಲಂಕಾರು ಕಡೆಯ ಅಡಿಕೆ ಕೃಷಿಕರಿಗೆ ಕೋವಿ ಪ್ರತಿಷ್ಠೆಯ ವಸ್ತುವಲ್ಲ. ಮದ್ದು ಬಿಡುವ ಗಟಾರ್ ಪಂಪು, ಹುಲ್ಲು ಕೊಚ್ಚುವ ಯಂತ್ರ ಇದ್ದ ಹಾಗೆ ಅದೂ ಒಂದು ಸಲಕರಣೆ. ಎಳನೀರು ಕೊರೆದು ಬಿಸಾಡುವ ಮಂಗ, ಬಾಳೆಯ ಬುಡ ಮಗುಚುವ ಹಂದಿ, ರಾತ್ರಿ ಗುಡ್ಡೆಯಿಂದ ಇಳಿಯುವ ಕಾಟಿ ಇವುಗಳ ನಡುವೆ ಬದುಕುವವರಿಗೆ ಒಂದು ಈಡಿನ ಸದ್ದು ಎಷ್ಟು ಬೆಲೆಯದ್ದು ಎಂದು ಪೇಟೆಯವರಿಗೆ ವಿವರಿಸುವುದು ಕಷ್ಟ. ಪುತ್ತೂರು, ಸುಳ್ಯ, ಕಡಬ ಈ ಮೂರೂ ತಾಲೂಕುಗಳಲ್ಲಿ ಬೆಳೆ ರಕ್ಷಣೆಯ ಪರವಾನಗಿಯ ಕೋವಿ ಇರುವ ಮನೆಗಳು ಊರೂರಿನಲ್ಲಿ ಸಿಗುತ್ತವೆ. ಕೆಲವರಲ್ಲಿ ಒಂಟಿ ನಳಿಗೆಯದ್ದು, ಕೆಲವರಲ್ಲಿ ಜೋಡು ನಳಿಗೆಯದ್ದು, ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ಕೇಪಿನ ಕೋವಿ.

ಈಚೆಗೆ ಮನೆಯ ಎಳೆಯರು ಒಂದು ಹೊಸ ಪ್ರಶ್ನೆ ಎತ್ತುತ್ತಿದ್ದಾರೆ. ದುಡ್ಡು ಕೊಟ್ಟು ತೋಟೆ ತರುವುದು ಯಾಕೆ, ಖಾಲಿಯಾದದ್ದನ್ನೇ ಮನೆಯಲ್ಲಿ ಮತ್ತೆ ತುಂಬಿಸಿದರಾಗದೇ? ಅಮೆರಿಕದಲ್ಲಿ ಗ್ಯಾರೇಜಿನಲ್ಲಿ ಕೂತು ಮಾಡುತ್ತಾರೆ, ಕೆಂಪು ಹಸಿರು ಲೇಪ ಹಚ್ಚಿದ ಸೀಸದ ಗುಂಡು ಹಾಕುತ್ತಾರೆ, ಮೊಬೈಲಿನಲ್ಲಿ ಎಲ್ಲ ಉಂಟು ಎನ್ನುತ್ತಾರೆ. ಅವರು ನೋಡಿದ್ದು ಸುಳ್ಳಲ್ಲ. ಆದರೆ ನಮ್ಮಲ್ಲಿ ಅದು ಕಾನೂನಿಗೂ ಕೂಡುವುದಿಲ್ಲ, ನಮ್ಮ ಕೋವಿಗೂ ಕೂಡುವುದಿಲ್ಲ. ಯಾಕೆ ಎಂಬುದನ್ನು ಮೊದಲು ಹೇಳಿ, ಆಮೇಲೆ ಪರವಾನಗಿದಾರರು ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಸಂಗತಿಗಳಿಗೆ ಬರುತ್ತೇನೆ.

ಲೇಪದ ಗುಂಡು ಯಾರಿಗೆ?

ಸೀಸ ಮೆತ್ತಗಿನ ಲೋಹ. ರೈಫಲ್ ಮತ್ತು ಪಿಸ್ತೂಲಿನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಗುಂಡು ಅವುಗಳಿಗೆ ಉಜ್ಜಿಕೊಂಡು, ತಿರುಗುತ್ತಾ ಹೊರಬರುತ್ತದೆ. ಬರೀ ಸೀಸದ ಗುಂಡಾದರೆ ಗೀರುಗಳಲ್ಲಿ ಸೀಸ ಮೆತ್ತಿಕೊಂಡು ಗುರಿ ಕೆಡುತ್ತದೆ, ಸ್ವಚ್ಛ ಮಾಡುವುದೂ ರಗಳೆ. ಹಿಂದೆ ಇದಕ್ಕೆ ಮೇಣ, ಜಿಡ್ಡು ಸವರುತ್ತಿದ್ದರು. ಆಮೇಲೆ ತಾಮ್ರದ ಹೊದಿಕೆ ಬಂತು. ತಾಮ್ರ ದುಬಾರಿಯಾದ್ದರಿಂದ ಪಾಲಿಮರಿನ ತೆಳು ಲೇಪವನ್ನು ಬಿಸಿಯಲ್ಲಿ ಕೂರಿಸುವ ಪದ್ಧತಿ ಬೆಳೆಯಿತು. ವಾರವಾರ ನೂರಾರು ಗುಂಡು ಹಾರಿಸುವ ಕ್ರೀಡಾ ಶೂಟರುಗಳಿಗೆ ಇದರಿಂದ ಖರ್ಚು ಉಳಿಯುತ್ತದೆ, ಹೊಗೆಯಲ್ಲಿ ಸೀಸವೂ ಕಡಿಮೆಯಾಗುತ್ತದೆ.

ನಮ್ಮ ಕೃಷಿಕರ ಕೋವಿಯ ನಳಿಗೆಯಲ್ಲಿ ಗೀರೇ ಇಲ್ಲ. ಅದು ನುಣುಪು ನಳಿಗೆ, ಚರೆ ಹಾರಿಸುವುದಕ್ಕೆ ಮಾಡಿದ್ದು. 12 ಬೋರಿನ ತೋಟೆಯಲ್ಲಿ ಚರೆಯೆಲ್ಲ ಒಂದು ಬಟ್ಟಲಿನೊಳಗೋ ಬಿಲ್ಲೆಯ ಮೇಲೋ ಕೂತಿರುತ್ತದೆ. ಪ್ಲಾಸ್ಟಿಕ್ಕಿನ ಬಟ್ಟಲಿದ್ದರೆ ಸೀಸ ನಳಿಗೆಗೆ ತಾಗುವುದು ತೀರ ಕಡಿಮೆ. ಹೀಗಿರುವಾಗ ಲೇಪದ ಗುಂಡಿನಿಂದ ಯಾವ ತೊಂದರೆ ಪರಿಹಾರವಾಗುತ್ತದೋ ಆ ತೊಂದರೆಯೇ ನಮ್ಮಲ್ಲಿ ಇಲ್ಲ. ವರ್ಷಕ್ಕೆ ಬೆರಳೆಣಿಕೆಯ ಈಡು ಹೊಡೆಯುವವನಿಗೆ ಉಳಿತಾಯದ ಲೆಕ್ಕವೂ ಬರುವುದಿಲ್ಲ.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಮು ಕೋವಿ ಮತ್ತು ತೋಟೆ ಇಟ್ಟುಕೊಳ್ಳುವ ಪರವಾನಗಿಯದ್ದು. 5ನೇ ಕಲಮು ಬೇರೆ: ತಯಾರಿ, ಮಾರಾಟ, ದುರಸ್ತಿ, ಮಾರ್ಪಾಡು ಇವಕ್ಕೆಲ್ಲ ಪ್ರತ್ಯೇಕ ಪರವಾನಗಿ ಬೇಕು ಎಂದು ಅದು ಹೇಳುತ್ತದೆ. ಬೆಳೆ ರಕ್ಷಣೆಯ ಪರವಾನಗಿ ಇದೆ ಎಂದ ಮಾತ್ರಕ್ಕೆ ತೋಟೆ ತಯಾರಿಸುವ ಹಕ್ಕು ಬರುವುದಿಲ್ಲ. ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ಅಂಶ ಕಾಯ್ದೆಯ 2ನೇ ಕಲಮಿನಲ್ಲೇ ಇದೆ. ಮದ್ದುಗುಂಡು ಎಂದರೆ ತುಂಬಿದ ತೋಟೆ ಮಾತ್ರ ಅಲ್ಲ. ಅದರ ಬಿಡಿಭಾಗಗಳು, ಅದನ್ನು ತಯಾರಿಸುವ ಯಂತ್ರ ಕೂಡ ಅದೇ ಹೆಸರಿನಡಿ ಬರುತ್ತವೆ. ಅಂದರೆ ವಿದೇಶದಿಂದ ಬಂದ ಭಾವನೋ ಅಳಿಯನೋ ಸೂಟ್‌ಕೇಸಿನಲ್ಲಿ ತೋಟೆ ತುಂಬಿಸುವ ಸಣ್ಣ ಯಂತ್ರ ತಂದುಕೊಟ್ಟರೆ, ಒಂದೇ ಒಂದು ತೋಟೆ ತಯಾರಿಸದಿದ್ದರೂ ಅದು ತೊಂದರೆಯ ಸಾಮಾನೇ. 2019ರ ತಿದ್ದುಪಡಿಯ ನಂತರ 5ನೇ ಕಲಮನ್ನು ಮೀರಿದ ತಯಾರಿಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಹಂದಿ ಓಡಿಸಲು ಹೊರಟವನಿಗೆ ಇದು ಬೇಕೇ? ಕ್ರೀಡಾ ಶೂಟಿಂಗಿನವರಿಗೆ ನಿಯಮಗಳೂ ಅನುಮತಿಗಳೂ ಬೇರೆ ಇವೆ. ಅದನ್ನು ನೋಡಿ ನಾವು ಲೆಕ್ಕ ಹಾಕುವಂತಿಲ್ಲ.

ಸೂಟ್‌ಕೇಸಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ತೋಟಕ್ಕೆ ಒಯ್ದ ಚೀಲದ ಮೂಲೆಯಲ್ಲಿ ಒಂದು ತೋಟೆ ಮರೆತು, ಅದೇ ಚೀಲ ಹಿಡಿದು ವಿಮಾನ ಹತ್ತಲು ಹೋದರೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ಗೊತ್ತಿಲ್ಲದೆ ಉಳಿದದ್ದು ಎಂದು ನ್ಯಾಯಾಲಯದಲ್ಲಿ ಸಾಧಿಸಿ ಬಿಡಿಸಿಕೊಂಡವರಿದ್ದಾರೆ, ಆದರೆ ಅಷ್ಟರಲ್ಲಿ ವಿಮಾನವೂ ಹೋಗಿರುತ್ತದೆ, ವಕೀಲರ ಫೀಸೂ ಆಗಿರುತ್ತದೆ. ಕೋವಿಗೆ ಒಂದು ಚೀಲ, ಪ್ರಯಾಣಕ್ಕೆ ಇನ್ನೊಂದು.

ಒತ್ತಡ ಮತ್ತು ಸೀಸ

ಕಾನೂನು ಇಲ್ಲದಿದ್ದರೂ ನಾನು ಬೇಡ ಎಂದೇ ಹೇಳುತ್ತಿದ್ದೆ. 12 ಬೋರಿನ ತೋಟೆ ಸಿಡಿದ ಕ್ಷಣದಲ್ಲಿ ನಳಿಗೆಯ ಬುಡದಲ್ಲಿ ಏಳುವ ಒತ್ತಡ ಚದರ ಇಂಚಿಗೆ 10,000 ಪೌಂಡಿನ ಆಸುಪಾಸಿನದ್ದು; ಕಾರಿನ ಟಯರಿನ ಗಾಳಿಯ ಸುಮಾರು 300 ಪಾಲು. ಅದನ್ನು ನಿಮ್ಮ ಎಡಗೈಯಿಂದ ಬೇರ್ಪಡಿಸುವುದು ಕೆಲವು ಮಿಲಿಮೀಟರ್ ದಪ್ಪದ ಉಕ್ಕು. ಮದ್ದಿನ ತೂಕದಲ್ಲಿ, ಜಾತಿಯಲ್ಲಿ, ಬಿಲ್ಲೆಯ ಬಿಗಿತದಲ್ಲಿ ಸಣ್ಣ ವ್ಯತ್ಯಾಸವಾದರೂ ಒತ್ತಡ ಏರುತ್ತದೆ. ಕಾರ್ಖಾನೆಯಲ್ಲಿ ಪ್ರತಿ ತಂಡದ ತೋಟೆಯನ್ನೂ ಒತ್ತಡ ಅಳೆದು ನೋಡಿಯೇ ಹೊರಗೆ ಬಿಡುತ್ತಾರೆ. ಮನೆಯ ಚಾವಡಿಯಲ್ಲಿ ಅಳೆಯಲು ಏನಿದೆ?

ಇಲ್ಲಿ ಎಲ್ಲಕ್ಕಿಂತ ಅಪಾಯದ ಕೆಲಸ ಒಂದಿದೆ. ಕಪ್ಪು ಮದ್ದು ಸಿಗುವುದಿಲ್ಲ ಎಂದು ಕಾರ್ಖಾನೆಯ ತೋಟೆ ಒಡೆದು, ಅದರೊಳಗಿನ ಹೊಗೆರಹಿತ ಮದ್ದನ್ನು ಕೇಪಿನ ಕೋವಿಗೆ ಸುರಿಯುವುದು. ನೋಡಲು ಎರಡೂ ಮದ್ದೇ. ಆದರೆ ಕಪ್ಪು ಮದ್ದು ಇದ್ದಿಲು, ಗಂಧಕ, ಪೆಟ್ಲುಪ್ಪುಗಳ ಮಿಶ್ರಣ. ಹೊಗೆರಹಿತ ಮದ್ದು ನೈಟ್ರೋಸೆಲ್ಯುಲೋಸಿನದ್ದು. ಅಷ್ಟೇ ಅಳತೆ ಹಾಕಿದರೂ ಎರಡನೆಯದರ ಶಕ್ತಿ ಎಷ್ಟೋ ಪಾಲು ಹೆಚ್ಚು. ಕೇಪಿನ ಕೋವಿಯ ನಳಿಗೆ ಅದನ್ನು ತಡೆಯುವುದಿಲ್ಲ, ಬಾಳೆದಿಂಡಿನ ಹಾಗೆ ಸೀಳುತ್ತದೆ. ಇದನ್ನು ಯಾರೂ ಯಾವ ಕಾರಣಕ್ಕೂ ಮಾಡಬಾರದು.

ಸೀಸದ ಬಗ್ಗೆ ನಮ್ಮಲ್ಲಿ ಅಸಡ್ಡೆ ಹೆಚ್ಚು. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಅಂದರೆ ಬಚ್ಚಲಿನ ಒಲೆ ಸಾಕು. ಹಾಗಾಗಿಯೇ ಹಳೆ ಬ್ಯಾಟರಿಯ ತಟ್ಟೆ ಕರಗಿಸಿ ಚರೆ ಎರೆಯುವ ಬುದ್ಧಿ ಬರುತ್ತದೆ. ಬ್ಯಾಟರಿಯ ತಟ್ಟೆಯಲ್ಲಿ ಸೀಸದ ಆಕ್ಸೈಡು, ಆಮ್ಲ, ಆಂಟಿಮನಿ ಎಲ್ಲ ಇರುತ್ತದೆ. ಅದರ ಹೊಗೆ, ಧೂಳು ವಿಷ. ರಕ್ತಕ್ಕೆ ಸೇರಿದ ಸೀಸದ ಅರ್ಧ ಭಾಗ ಇಳಿಯಲು ತಿಂಗಳೊಂದು ಬೇಕು. ಎಲುಬಿಗೆ ಇಳಿದದ್ದು ದಶಕಗಳ ಕಾಲ ಅಲ್ಲೇ ಉಳಿಯುತ್ತದೆ. ಮಕ್ಕಳ ಮಿದುಳಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನಬಹುದಾದ ಮಿತಿಯೇ ಇಲ್ಲ ಎಂಬುದು ವೈದ್ಯಲೋಕದ ಈಗಿನ ನಿಲುವು. ಲೇಪ ಹಚ್ಚಿದ ಗುಂಡು ನಿರಪಾಯ ಎಂಬ ನಂಬಿಕೆಯೂ ಅರ್ಧ ಸತ್ಯವೇ. ಸಾಮಾನ್ಯ ತೋಟೆಯ ಬುಡದಲ್ಲಿರುವ ಕೇಪಿನಲ್ಲೂ ಸೀಸದ ಸಂಯುಕ್ತ ಇರುತ್ತದೆ. ಆದ್ದರಿಂದ ಕೋವಿ ಒರೆಸಿದ ಬಟ್ಟೆಯನ್ನು ಅಡುಗೆಮನೆಗೆ ತರಬೇಡಿ, ಒರೆಸಿದ ಮೇಲೆ ಸಾಬೂನು ಹಾಕಿ ಕೈ ತೊಳೆಯಿರಿ, ಎಲೆ ಅಡಿಕೆ ಹಾಕುವುದು ಅದರ ನಂತರ. ಪರಿಸರಕ್ಕೂ ಸೀಸದಿಂದ ಹಾನಿ ಎಂದು ಕ್ಯಾಲಿಫೋರ್ನಿಯಾ ರಾಜ್ಯ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ. ಯುರೋಪಿನ ಒಕ್ಕೂಟದಲ್ಲಿ 2023ರ ಫೆಬ್ರವರಿಯಿಂದ ಜೌಗು ಪ್ರದೇಶಗಳಲ್ಲಿ ಸೀಸದ ಚರೆ ಹಾರಿಸುವಂತಿಲ್ಲ. ಹಾಗೆಂದು ಉಕ್ಕಿನ ಚರೆಯ ತೋಟೆ ಹುಡುಕಿಕೊಂಡು ಹೋಗಬೇಡಿ, ನಮ್ಮ ಹಳೆಯ ನಳಿಗೆಗಳಿಗೆ ಅದು ಹೊಂದುವುದಿಲ್ಲ.

ಮನೆಯ ತಯಾರಿ ಎಂದಾಗ ಪಿವಿಸಿ ಪೈಪಿನ ಕಾರ್ಬೈಡ್ ಕೋವಿಯೂ ನೆನಪಾಗುತ್ತದೆ. ಮಂಗ ಓಡಿಸಲು ಅಗ್ಗದ ಉಪಾಯ ಎಂದು ಊರೂರಿಗೆ ಬಂದಿದೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇದನ್ನು ಆಟಕ್ಕೆ ಹೊಡೆದ ಎಷ್ಟೋ ಮಕ್ಕಳು ಕಣ್ಣಿಗೆ ಗಾಯ ಮಾಡಿಕೊಂಡರು. ಸದ್ದು ಬರಲಿಲ್ಲ ಎಂದು ನಳಿಗೆಯೊಳಗೆ ಇಣುಕುವ ಹೊತ್ತಿಗೇ ಅದು ಸಿಡಿಯುತ್ತದೆ. ಮಕ್ಕಳ ಕೈಗೆ ಕೊಡಲೇಬೇಡಿ.

ತೋಟೆ ಕೊಳ್ಳುವಾಗ, ಇಡುವಾಗ

ಪರವಾನಗಿ ಇರುವ ವ್ಯಾಪಾರಿಯಿಂದ ಮಾತ್ರ ಕೊಳ್ಳಿ. ಪರವಾನಗಿ ಪುಸ್ತಕದಲ್ಲಿ ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಎಂದು ಬರೆದಿರುತ್ತದೆ, ಅಷ್ಟೇ ನಿಮ್ಮ ಪಾಲು. ಕೊಂಡದ್ದನ್ನು ಪುಸ್ತಕದಲ್ಲಿ ನಮೂದಿಸಿಕೊಂಡು, ರಶೀದಿ ಜೋಪಾನ ಮಾಡಿ. ನಮ್ಮಲ್ಲಿ ಹೆಚ್ಚಾಗಿ ಸಿಗುವ ‘ಶಕ್ತಿಮಾನ್’ ತೋಟೆ ಪುಣೆಯ ಖಡ್ಕಿ ಕಾರ್ಖಾನೆಯದ್ದು. 2021ರ ಅಕ್ಟೋಬರಿನಿಂದ ಆ ಕಾರ್ಖಾನೆ ಮ್ಯುನಿಷನ್ಸ್ ಇಂಡಿಯಾ ಕಂಪೆನಿಯಡಿ ಇದೆ. ಪಕ್ಕದ ಮನೆಯವರಿಂದ ಎರಡು ತೋಟೆ ಕೈಸಾಲ ತರುವುದು ಹಳ್ಳಿಯಲ್ಲಿ ಸಹಜ ಎನಿಸಬಹುದು. ಕಾನೂನಿನಲ್ಲಿ ಅದಕ್ಕೆ ಸಾಲ ಎಂಬ ಹೆಸರಿಲ್ಲ.

ಬೋರು ಎಂದರೇನೆಂದು ತಿಳಿದಿದ್ದರೆ ಒಳ್ಳೆಯದು. ಒಂದು ಪೌಂಡು ಸೀಸದಿಂದ ಸಮ ತೂಕದ 12 ಗುಂಡು ಮಾಡಿದರೆ ಒಂದೊಂದರ ವ್ಯಾಸ ಎಷ್ಟೋ ಅಷ್ಟು ಅಗಲದ ನಳಿಗೆ 12 ಬೋರಿನದ್ದು, ಹೆಚ್ಚುಕಡಿಮೆ ಹದಿನೆಂಟೂವರೆ ಮಿಲಿಮೀಟರ್. 20 ಬೋರಿನದ್ದು ಇದಕ್ಕಿಂತ ಸಪೂರ. ಈ ತಿರುಗಾ ಮುರುಗಾ ಲೆಕ್ಕ ಗೊತ್ತಿಲ್ಲದೆ 20ರ ತೋಟೆಯನ್ನು 12ರ ನಳಿಗೆಗೆ ಹಾಕಿದರೆ ಅದು ಜಾರಿ ಮುಂದೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ. ಖಾಲಿ ಇದೆ ಎಂದುಕೊಂಡು ಹಿಂದಿನಿಂದ 12ರ ತೋಟೆ ತುರುಕಿ ಹೊಡೆದರೆ ಕೈಯೇ ಹೋಗಬಹುದು. ಈ ಕಾರಣಕ್ಕೇ 20 ಬೋರಿನ ತೋಟೆಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು.

ನಮ್ಮ ಜೂನ್, ಜುಲೈ, ಆಗಸ್ಟ್ ತಿಂಗಳುಗಳು ತೋಟೆಯ ಶತ್ರು. ಕಾಗದದ ತೋಟೆ ತೇವಕ್ಕೆ ಉಬ್ಬಿ ನಳಿಗೆಗೆ ಹೋಗುವುದಿಲ್ಲ; ಹೋದರೆ ಬರುವುದಿಲ್ಲ. ಪ್ಲಾಸ್ಟಿಕ್ಕಿನದ್ದಾದರೂ ಬುಡದ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣದ ಜೊತೆ ಇಡಿ. ಅಡಿಕೆ ಒಣಗಿಸುವ ಗೂಡಿನ ಹತ್ತಿರ, ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಹೊಸ ಡಬ್ಬಿ ತಂದಾಗ ಹಳೆಯದನ್ನು ಮುಂದಕ್ಕೆ ಇಡಿ, ಅದು ಮೊದಲು ಖರ್ಚಾಗಲಿ. ಉಬ್ಬಿದ, ಕಿಲುಬಿದ, ಒದ್ದೆಯಾಗಿ ಒಣಗಿಸಿದ ತೋಟೆಯನ್ನು ಬಿಸಿಲಿಗಿಟ್ಟು ಸರಿಮಾಡುವ ಪ್ರಯತ್ನ ಬೇಡ, ಬೆಂಕಿಗೋ ಬಾವಿಗೋ ಹಾಕುವುದೂ ಬೇಡ. ವ್ಯಾಪಾರಿಗೋ ಠಾಣೆಗೋ ತಿಳಿಸಿ ಒಪ್ಪಿಸಿ. ತೋಟೆ ಒಂದು ಕಪಾಟಿನಲ್ಲಿ, ಕೋವಿ ಇನ್ನೊಂದರಲ್ಲಿ, ಎರಡಕ್ಕೂ ಬೀಗ, ಬೀಗದ ಕೈ ನಿಮ್ಮ ಹತ್ತಿರ. ಚಾವಡಿಯ ಗೋಡೆಗೆ ಕೋವಿ ತೂಗುಹಾಕುವ ಕಾಲ ಹೋಯಿತು.

ಕೇಪಿನ ಕೋವಿ ಇರುವವರಿಗೆ ಒಂದು ಮಾತು ಹೆಚ್ಚು. ಕಪ್ಪು ಮದ್ದಿನ ಮಸಿ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಒಂದು ಈಡು ಹೊಡೆದು ಹಾಗೆಯೇ ಇಟ್ಟರೆ ಮಳೆಗಾಲದಲ್ಲಿ ಎರಡು ದಿನಕ್ಕೆ ನಳಿಗೆಯೊಳಗೆ ತುಕ್ಕು. ಎಣ್ಣೆ ಬಟ್ಟೆಯಿಂದ ಒರೆಸಿದರೆ ಸಾಲದು, ಆ ಮಸಿ ಕರಗುವುದು ನೀರಿನಲ್ಲಿ. ಅದೇ ದಿನ ಬಿಸಿನೀರಿನಲ್ಲಿ ತೊಳೆದು, ಗಜಕ್ಕೆ ಒಣ ಬಟ್ಟೆ ಸುತ್ತಿ ಎಳೆದು, ಪೂರ್ತಿ ಆರಿದ ಮೇಲೆ ಎಣ್ಣೆ ಹಾಕಬೇಕು. ತೆಂಗಿನೆಣ್ಣೆ ಬೇಡ. ಅದು ಕ್ರಮೇಣ ಅಂಟಾಗಿ ಕುದುರೆ, ಸ್ಪ್ರಿಂಗು ಎಲ್ಲವನ್ನೂ ಹಿಡಿದುಬಿಡುತ್ತದೆ. ಕೋವಿಯ ಎಣ್ಣೆ ಅಥವಾ ಹೊಲಿಗೆ ಯಂತ್ರದ ಎಣ್ಣೆ ಸಾಕು.

ತೋಟದಲ್ಲಿ

ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ಎಂದು ನೋಡದೆ ಕೋವಿ ತುಂಬಬಾರದು. ನಮ್ಮ ಮನೆಗಳಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜದ ಹುಳ ಕೀಲಿಯ ತೂತನ್ನೂ ಬಿಡುವುದಿಲ್ಲ, ಕೋವಿಯ ನಳಿಗೆ ಅದಕ್ಕೆ ಅರಮನೆ. ನಾಲ್ಕು ತಿಂಗಳು ಮೂಲೆಯಲ್ಲಿದ್ದ ಕೋವಿಯ ಬಾಯಿಯಲ್ಲಿ ಗಟ್ಟಿ ಮಣ್ಣು ಕೂತಿದ್ದರೆ, ಮೊದಲ ಈಡಿಗೇ ನಳಿಗೆ ಒಡೆಯಬಹುದು. ತೋಟದ ಕಣಿಗೆ ಜಾರಿ ಬಿದ್ದು ಕೋವಿಯ ಬಾಯಿ ಕೆಸರಿಗೆ ಹೊಕ್ಕರೂ ಅದೇ ಕತೆ.

ತಡಮೆ ದಾಟುವಾಗ, ಸಂಕ ದಾಟುವಾಗ, ಕಟ್ಟಪುಣಿಯಲ್ಲಿ ನಡೆಯುವಾಗ ತೋಟೆ ಹೊರಗೆ. ಇದನ್ನು ಪಾಲಿಸದೆ ಸತ್ತವರ ಸುದ್ದಿಯನ್ನು ನಮ್ಮ ಜಿಲ್ಲೆಯ ಪತ್ರಿಕೆ ಓದುವವರು ಎಷ್ಟೋ ಸಲ ಓದಿರುತ್ತಾರೆ. ಟ್ರಿಗರ್ ಎಳೆದರೂ ಈಡು ಆಗಲಿಲ್ಲ ಎಂದಾದರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯಿರಿ. ತಡವಾಗಿ ಸಿಡಿಯುವ ತೋಟೆಯೂ ಇರುತ್ತದೆ. ಸದ್ದು ಮಾಮೂಲಿಗಿಂತ ಮೆತ್ತಗೆ ಕೇಳಿದರೆ ಇನ್ನೊಂದು ತೋಟೆ ಹಾಕುವ ಮೊದಲು ನಳಿಗೆ ನೋಡಿ, ಬಿಲ್ಲೆಯೋ ಚರೆಯೋ ಒಳಗೇ ಉಳಿದಿರಬಹುದು.

ಚರೆ ಎಷ್ಟು ದೂರ ಹೋಗುತ್ತದೆ? ಅಂದಾಜಿಗೆ ಒಂದು ಸರಳ ಲೆಕ್ಕ ಉಂಟು: ಚರೆಯ ವ್ಯಾಸದ ಪ್ರತಿ ಮಿಲಿಮೀಟರಿಗೆ ಗರಿಷ್ಠ ಸುಮಾರು 80 ಮೀಟರ್. 3 ಮಿಲಿಮೀಟರಿನ ಸಣ್ಣ ಚರೆ 240 ಮೀಟರ್ ದೂರ ಹೋಗಿ ಬೀಳಬಹುದು. ಹಂದಿಗೆಂದು ತರುವ 9 ಮಿಲಿಮೀಟರಿನ ಎಲ್‌ಜಿ ಚರೆ 700 ಮೀಟರ್ ದಾಟಬಹುದು. ಒಂಟಿ ಗುಂಡಾದರೆ ಕಿಲೋಮೀಟರಿಗೂ ಮೇಲೆ. ನಮ್ಮದು ಒತ್ತೊತ್ತಾಗಿ ಮನೆ ಇರುವ ಊರಲ್ಲ, ಒಂದೊಂದು ತೋಟಕ್ಕೆ ಒಂದೊಂದು ಮನೆ. ಕತ್ತಲಲ್ಲಿ ಎದುರು ಗುಡ್ಡೆಯ ಬದಿಗೆ ಕೋವಿ ಎತ್ತಿದರೆ ಆ 700 ಮೀಟರಿನೊಳಗೆ ಯಾರದ್ದಾದರೂ ಅಂಗಳ, ಹಟ್ಟಿ, ಬೆಳಗ್ಗಿನ ಜಾವ ರಬ್ಬರ್ ಟ್ಯಾಪಿಂಗಿಗೆ ಹೊರಟವರ ಹೆಡ್‌ಲೈಟು ಇದ್ದೇ ಇರುತ್ತದೆ. ಮುರಕಲ್ಲಿನ ಪಾದೆಗೆ ತಾಗಿದ ಚರೆ ಎತ್ತ ಹಾರುತ್ತದೆಂದು ಯಾರೂ ಹೇಳಲಾರರು. ಹಿಂದೆ ಮಣ್ಣಿನ ದರೆ ಇದ್ದರೆ ಮಾತ್ರ ಹೊಡೆಯಬೇಕು ಎಂಬುದು ಈ ಊರಿಗೆ ತಕ್ಕ ನಿಯಮ.

ಹಂದಿ ಬರುವ ದಾರಿಗೆ ಹಗ್ಗ ಎಳೆದು ಕೋವಿ ಕಟ್ಟುವವರಿಗೆ ಸಲಹೆ ಏನೂ ಇಲ್ಲ. ಅದು ಮನುಷ್ಯರನ್ನು ಕೊಲ್ಲುವ ಏರ್ಪಾಡು.

ಯಾವ ಪ್ರಾಣಿಗೆ, ಯಾರ ಅನುಮತಿ

ಬೆಳೆ ರಕ್ಷಣೆಯ ಪರವಾನಗಿ ಎಂದರೆ ಬೇಟೆಯ ಪರವಾನಗಿ ಅಲ್ಲ. ಇದನ್ನು ತಪ್ಪಾಗಿ ತಿಳಿದವರೇ ಹೆಚ್ಚು. ಕೋವಿಯ ಪರವಾನಗಿ ಕೊಡುವುದು ಜಿಲ್ಲಾಧಿಕಾರಿ. ಪ್ರಾಣಿಯ ವಿಷಯ 1972ರ ವನ್ಯಜೀವಿ ಕಾಯ್ದೆಯದ್ದು. 2022ರ ತಿದ್ದುಪಡಿಯ ಪ್ರಕಾರ ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. ಅದು ಬೆಳೆಗೆ ಅಪಾಯಕಾರಿಯಾಗಿದೆ ಎಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅರಣ್ಯಾಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. ಬಾಯಿ ಮಾತಿನ ಅನುಮತಿಗೆ ಬೆಲೆಯಿಲ್ಲ. ಕೊಂದ ಹಂದಿ ಸರಕಾರದ ಸ್ವತ್ತು, ಪಾಲು ಮಾಡುವಂತಿಲ್ಲ.

ಸುಳ್ಯ, ಪುತ್ತೂರಿನ ಗಡಿಯವರಿಗೆ ಇಲ್ಲಿ ಗೊಂದಲವಾಗುವುದುಂಟು. 2022ರಲ್ಲಿ ಕೇರಳ ಸರಕಾರ ಕಾಡುಹಂದಿ ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು ಪಂಚಾಯತಿ ಅಧ್ಯಕ್ಷರಂಥವರಿಗೇ ಕೊಟ್ಟಿತು. ಹೊಳೆಯಾಚೆ ಕಾಸರಗೋಡಿನ ನೆಂಟರು ಹಾಗೆ ಮಾಡಿದ್ದಾರೆಂದು ಈಚೆ ಮಾಡಿದರೆ ಕೇಸು. ಹಂದಿ ಗಡಿ ನೋಡುವುದಿಲ್ಲ, ಪೊಲೀಸರು ನೋಡುತ್ತಾರೆ.

ಮಂಗನಿಗೆ ಚರೆ ಹೊಡೆಯುವಂತಿಲ್ಲ. ನಮ್ಮ ಸಾಮಾನ್ಯ ಮಂಗ ಈಗ ಒಂದನೇ ಪಟ್ಟಿಯ ಪ್ರಾಣಿ, ನವಿಲು, ಕಾಟಿ, ಆನೆಗಳ ಸಾಲಿನದ್ದು. ಇದು ಕೃಷಿಕರಿಗೆ ನುಂಗಲಾಗದ ತುತ್ತು ಎಂದು ಗೊತ್ತು. ಬೆಳೆಯ ನಷ್ಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಪಟ್ಟಿ ಮಾಡಿದ್ದಾರೆ ಎಂಬ ಆಕ್ಷೇಪದಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಆದರೂ ಒಂದನೇ ಪಟ್ಟಿಯ ಪ್ರಾಣಿಯನ್ನು ಕೊಂದರೆ ಕನಿಷ್ಠ 3 ವರ್ಷ ಜೈಲು. ಸದ್ದಿಗೆ ಹೆದರಿಸುವಷ್ಟಕ್ಕೆ ನಿಲ್ಲಿಸಿ. ಏರ್‌ಗನ್ನಿಗೆ ಪರವಾನಗಿ ಬೇಡ, ಹಾಗಾಗಿ ಅದರಿಂದ ಹೊಡೆಯಬಹುದು ಎಂಬ ವಾದವೂ ನಿಲ್ಲದು. 0.177 ಬೋರಿನ, 20 ಜೌಲಿಗೆ ಮೀರದ ಏರ್‌ಗನ್ನಿಗೆ ಪರವಾನಗಿಯ ವಿನಾಯಿತಿ ಉಂಟು, ಮಂಗನ ಮೈಗೆ ಹೊಡೆಯಲು ವಿನಾಯಿತಿ ಇಲ್ಲ.

ಆನೆಯ ಮಾತು ಬೇರೆಯೇ. 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಒಂದೇ ಬೆಳಗ್ಗೆ ಇಬ್ಬರು ಆನೆ ದಾಳಿಗೆ ಬಲಿಯಾದ ಮೇಲೆ ಕೋವಿ ಹಿಡಿದು ಕಾಯುತ್ತೇವೆ ಎನ್ನುವವರು ಹೆಚ್ಚಾದರು. 12 ಬೋರಿನ ಚರೆ ಆನೆಯನ್ನು ನಿಲ್ಲಿಸುವುದಿಲ್ಲ, ಕೆರಳಿಸುತ್ತದೆ. ಗಾಯಗೊಂಡ ಆನೆ ಮರುದಿನ ಸಿಗುವುದು ಶಾಲೆಗೆ ಹೋಗುವ ಮಕ್ಕಳಿಗೆ. ಹತ್ತಿರದ ವಲಯ ಅರಣ್ಯ ಕಚೇರಿಗೋ, 1926 ಸಹಾಯವಾಣಿಗೋ ಕರೆ ಮಾಡಿ. ಬೆಳೆ ಹಾನಿಯಾದರೆ ಫೋಟೋ, ಪಹಣಿ ಸಮೇತ ಅರಣ್ಯ ಇಲಾಖೆಯ ಇ-ಪರಿಹಾರಕ್ಕೆ ಅರ್ಜಿ ಹಾಕಿ. ಕೊಡುವ ಮೊತ್ತ ಅಡಿಕೆ ಮರದ ಬೆಲೆಗೆ ಸಾಟಿಯಲ್ಲ, ಆದರೂ ಅರ್ಜಿ ಹಾಕದವರ ನಷ್ಟ ಯಾವ ದಾಖಲೆಗೂ ಬರುವುದಿಲ್ಲ.

ಪುಸ್ತಕ ಮತ್ತು ಚುನಾವಣೆ

ಕೊಡಗಿನವರಿಗೆ ಪರವಾನಗಿ ಬೇಡ, ನಮಗೆ ಯಾಕೆ ಎಂಬ ಪ್ರಶ್ನೆ ಸುಳ್ಯದ ಕಡೆ ಈಗಲೂ ಕೇಳುತ್ತದೆ. ಕೊಡವ ಜನಾಂಗಕ್ಕೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಇರುವ ವಿನಾಯಿತಿಯನ್ನು 2029ರ ಅಕ್ಟೋಬರ್ 31ರ ತನಕ ಮುಂದುವರಿಸಲಾಗಿದೆ. 1837ರಲ್ಲಿ ಮಂಗಳೂರಿನ ತನಕ ನಡೆದು ಬಾವುಟಗುಡ್ಡೆಯಲ್ಲಿ ಕಂಪೆನಿಯ ಬಾವುಟ ಇಳಿಸಿದ ಅಮರಸುಳ್ಯದ ರೈತರ ಮಕ್ಕಳಿಗೆ ಆ ಭಾಗ್ಯ ಇಲ್ಲ. ನಮ್ಮ ಪಾಲಿಗೆ ಇರುವುದು ಕಾಯ್ದೆಯ 13ನೇ ಕಲಮು. ನಿಜವಾದ ಬೆಳೆ ರಕ್ಷಣೆಗೆ ಕೇಪಿನ ಕೋವಿಯ ಪರವಾನಗಿ ಕೊಡಬೇಕು, ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿಗೂ ಕೊಡಬಹುದು ಎಂದು ಅದರಲ್ಲೇ ಬರೆದಿದೆ. ಹೊಸ ಅರ್ಜಿ ಹಾಕುವವರು ಈ ಕಲಮನ್ನು ಹೆಸರಿಸಿ, ಜಮೀನಿನ ಪಹಣಿ, ಕಾಡಿನ ಅಂಚಿಗೆ ಇರುವ ದೂರ, ಆದ ಬೆಳೆ ಹಾನಿಯ ಹಳೆಯ ಅರ್ಜಿಗಳ ಪ್ರತಿ ಎಲ್ಲವನ್ನೂ ಲಗತ್ತಿಸಿ. ಆರೋಗ್ಯ ಪ್ರಮಾಣಪತ್ರ, ಕೋವಿ ಬಳಕೆಯ ತರಬೇತಿ ಪತ್ರ, ಪೊಲೀಸ್ ವರದಿ ಹೇಗೂ ಬೇಕು.

2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ 3ರಿಂದ 5 ವರ್ಷಕ್ಕೆ ಏರಿತು. ಇದೊಂದು ಅನುಕೂಲ, ಆದರೆ ಅವಧಿ ಉದ್ದವಾದಷ್ಟೂ ಮರೆವೂ ಉದ್ದ. ಮುಗಿಯುವ ಎರಡು ತಿಂಗಳ ಮೊದಲೇ ನವೀಕರಣಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪುಸ್ತಕದಲ್ಲಿ ರಾಷ್ಟ್ರೀಯ ದಾಖಲೆಯ ವಿಶಿಷ್ಟ ಗುರುತಿನ ಸಂಖ್ಯೆ, ಅಂದರೆ ಯುಐಎನ್, ಇದೆಯೇ ನೋಡಿ. ಒಬ್ಬನಿಗೆ ಎರಡೇ ಕೋವಿ ಎಂಬ ಮಿತಿಯೂ ಅದೇ ತಿದ್ದುಪಡಿಯದ್ದು. ಅವಧಿ ಮುಗಿದ ಪುಸ್ತಕದ ಕೋವಿ ಮನೆಯಲ್ಲಿದ್ದರೆ ಅದು ಪರವಾನಗಿ ಇಲ್ಲದ ಕೋವಿಯೇ.

ಚುನಾವಣೆ ಬಂದಾಗ ಕೋವಿ ಠಾಣೆಗೆ. 2024ರ ಲೋಕಸಭೆ ಚುನಾವಣೆಯನ್ನೇ ತೆಗೆದುಕೊಳ್ಳಿ: ಘೋಷಣೆ ಮಾರ್ಚ್ 16, ನಮ್ಮ ಜಿಲ್ಲೆಯ ಮತದಾನ ಏಪ್ರಿಲ್ 26, ಫಲಿತಾಂಶ ಜೂನ್ 4. ಮತ ಹಾಕಿ ಐದು ವಾರ ಕಳೆದರೂ ಫಲಿತಾಂಶವೇ ಬಂದಿರಲಿಲ್ಲ. ಹಲಸು, ಮಾವು ಹಣ್ಣಾಗಿ ಮಂಗ, ಹಂದಿಗಳ ಹಿಂಡು ಇಳಿಯುವ ಹೊತ್ತು ಅದೇ. ಇಲ್ಲಿ ತಿಳಿದಿರಬೇಕಾದ್ದು ಏನೆಂದರೆ, ಎಲ್ಲರ ಕೋವಿಯನ್ನೂ ಸಾರಾಸಗಟಾಗಿ ಇಡಿಸಿಕೊಳ್ಳಬೇಕೆಂದು ಚುನಾವಣಾ ಆಯೋಗ ಹೇಳಿಲ್ಲ. ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಒಂದೊಂದು ಪರವಾನಗಿಯನ್ನೂ ನೋಡಿ, ಯಾರಿಂದ ಇಡಿಸಿಕೊಳ್ಳಬೇಕೆಂದು ತೀರ್ಮಾನಿಸಬೇಕು ಎಂಬುದು ಅದರ ಮಾರ್ಗಸೂಚಿ; ಇದರ ಹಿಂದೆ ಬಾಂಬೆ ಹೈಕೋರ್ಟಿನ ತೀರ್ಪೂ ಇದೆ. ಆದ್ದರಿಂದ ಚುನಾವಣೆ ಘೋಷಣೆಯಾಗುವ ಮೊದಲೇ ವಿನಾಯಿತಿ ಕೋರಿ ಜಿಲ್ಲಾಧಿಕಾರಿಗೆ ಲಿಖಿತ ಅರ್ಜಿ ಕೊಡಿ. ಕೇಸು ಇಲ್ಲ, ತೋಟ ಕಾಡಿನಂಚಿನಲ್ಲಿದೆ, ಹಾನಿಯಾದ ದಾಖಲೆ ಇಲ್ಲಿದೆ ಎಂದು ಬರೆಯಿರಿ. ಊರಿನವರು ಒಟ್ಟಾಗಿ ಕೊಟ್ಟರೂ ಒಬ್ಬೊಬ್ಬರ ಅರ್ಜಿ ಬೇರೆ ಬೇರೆ ಇರಲಿ. ನಿರಾಕರಿಸಿದರೆ ಹೈಕೋರ್ಟಿಗೆ ಹೋಗುವ ದಾರಿ ಇದೆ, ನಮ್ಮ ಜಿಲ್ಲೆಯ ಕೃಷಿಕರು ಹೋದದ್ದೂ ಇದೆ.

ಇಡಲೇಬೇಕಾಗಿ ಬಂದರೆ ನಳಿಗೆ ಸ್ವಚ್ಛ ಮಾಡಿ ಒಳಗೂ ಹೊರಗೂ ಎಣ್ಣೆ ಸವರಿ, ಬಟ್ಟೆಯ ಚೀಲದಲ್ಲಿ ಹಾಕಿ ಕೊಡಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಒಳಗೇ ನಿಲ್ಲುತ್ತದೆ. ಕೋವಿಯ ನಂಬರು, ಮರದ ಹಿಡಿಕೆಯ ಗೀರು ಗಾಯಗಳ ಫೋಟೋ ತೆಗೆದಿಟ್ಟುಕೊಳ್ಳಿ, ರಶೀದಿ ಇಲ್ಲದೆ ಠಾಣೆಯಿಂದ ಹೊರಡಬೇಡಿ. ಪರವಾನಗಿ ಇರುವ ಕೋವಿ ವ್ಯಾಪಾರಿಯಲ್ಲಿ ಇಡಲು ಸಾಧ್ಯವೇ ಎಂದೂ ಕೇಳಿ ನೋಡಿ. ಫಲಿತಾಂಶ ಬಂದು ವಾರ ಕಳೆದ ಮೇಲೆ ಹೋಗಿ ಕೇಳುವುದು ನಿಮ್ಮ ಹಕ್ಕು.

ಕೊನೆಯದಾಗಿ, ಮನೆಯ ಹಿರಿಯರ ಹೆಸರಿನಲ್ಲಿರುವ ಕೋವಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿದಾರರಿಗೆ 70 ವರ್ಷ ತುಂಬಿದಾಗ, ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದಾಗ, ಯಾವುದು ಮೊದಲೋ ಆಗ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಪರವಾನಗಿ ಕೋರಬಹುದು. ಅಪ್ಪ ತೀರಿಹೋದ ಮೇಲೆ ಮಾಡುವುದಕ್ಕಿಂತ ಇದು ಎಷ್ಟೋ ಸುಲಭ. ತೀರಿಹೋಗಿದ್ದರೆ ಉತ್ತರಕ್ರಿಯೆಯ ಗಡಿಬಿಡಿಯಲ್ಲೂ ಕೋವಿಯನ್ನು ತಡಮಾಡದೆ ಠಾಣೆಗೋ ವ್ಯಾಪಾರಿಗೋ ಒಪ್ಪಿಸಿ ರಶೀದಿ ಪಡೆಯಿರಿ, ಅರ್ಜಿ ಆಮೇಲೆ ಹಾಕಬಹುದು. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಂಡರೆ ಈಗ ಕನಿಷ್ಠ 2 ವರ್ಷ ಶಿಕ್ಷೆ. ನಿಮ್ಮ ಮನೆಯ ಪುಸ್ತಕ ಯಾರ ಹೆಸರಿನಲ್ಲಿದೆ, ಯಾವ ತಾರೀಕಿಗೆ ಮುಗಿಯುತ್ತದೆ ಎಂದು ಇವತ್ತೇ ತೆಗೆದು ನೋಡಿ.